ಜರ್ಮನಿಗೆ ಹೊರಡುವಾಗ ಮನೆಯ ಕಂಪ್ಯೂಟರ್ ಸಾಮಾನುಗಳಲ್ಲಿ ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಚಾಮುಂಡಿತಪ್ಪಲು

ಹೊಸ ಕೆಲಸದ ನಿಮಿತ್ತ ನಾನು, ನನ್ನ ಪತ್ನಿ ಮತ್ತು ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಬರುವ ಜನವರಿಯಲ್ಲಿ ಮೈಸೂರಿನಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೊರಡಲಿದ್ದೇವೆ. ಕನಿಷ್ಠ ಮೂರು ವರ್ಷ ಅಲ್ಲಿ ಇರಬೇಕಾಗುತ್ತದೆ. ಪಾತ್ರೆಪಗಡಿ, ಬಟ್ಟೆಬರೆಗಳ ವಿಷಯದಲ್ಲಿ ಸಲಹೆ ಕೊಡುವವರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ಆದರೆ ಮನೆಯ ಕಂಪ್ಯೂಟರ್ ಸಾಮಾನುಗಳನ್ನು ಏನು ಮಾಡಬೇಕೆಂದು ಕೇಳಿದರೆ ಒಬ್ಬರು ಎಲ್ಲವನ್ನೂ ಮಾರಿಬಿಡಿ ಎನ್ನುತ್ತಾರೆ, ಇನ್ನೊಬ್ಬರು ಎಲ್ಲವನ್ನೂ ಕಟ್ಟಿಕೊಂಡು ಹೋಗಿ ಎನ್ನುತ್ತಾರೆ, ಕಾರಣವನ್ನು ಮಾತ್ರ ಯಾರೂ ವಿವರಿಸುವುದಿಲ್ಲ.

ನಮ್ಮಲ್ಲಿರುವುದು ಇಷ್ಟು: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಎರಡು ವರ್ಷಗಳ ಹಿಂದೆ ಜೋಡಿಸಿದ ಡೆಸ್ಕ್‌ಟಾಪ್ (ಎಎಂ4 ಎಂಬ ಬಗೆಯ ಸಾಕೆಟ್ಟಿನಲ್ಲಿ ಕೂರುವ ರೈಜೆನ್ ಪ್ರೊಸೆಸರ್, ಎರಡು ಫ್ಯಾನುಗಳ ಗ್ರಾಫಿಕ್ಸ್ ಕಾರ್ಡ್), 27 ಇಂಚಿನ ಮಾನಿಟರ್, 600 ವಿಎ ಯುಪಿಎಸ್, ಲೇಸರ್ ಪ್ರಿಂಟರ್, ವೈಫೈ ರೌಟರ್, ಒಂದು ಮೆಕ್ಯಾನಿಕಲ್ ಕೀಬೋರ್ಡ್, ಹಾಗೂ ಹಳೆಯ ಡೆಸ್ಕ್‌ಟಾಪ್ ಒಂದನ್ನೇ ಹಗಲಿರುಳು ನಡೆಯುವ ಮನೆಯ ಸರ್ವರ್ ಆಗಿ ಮಾಡಿಕೊಂಡದ್ದು. ಆ ಸರ್ವರಿನಲ್ಲಿ ಕುಟುಂಬದ ಛಾಯಾಚಿತ್ರಗಳ ಜೊತೆಗೆ ನನ್ನ ತಂದೆಯವರು ಕ್ಯಾಸೆಟ್ಟುಗಳಲ್ಲಿ ಉಳಿಸಿಕೊಂಡಿದ್ದ ತಾಳಮದ್ದಳೆಯ ಧ್ವನಿಮುದ್ರಣಗಳ ಡಿಜಿಟಲ್ ಪ್ರತಿಗಳೂ ಇವೆ. ಮೂಲ ಕ್ಯಾಸೆಟ್ಟುಗಳಲ್ಲಿ ಹಲವು ಈಗ ಕೇಳುವ ಸ್ಥಿತಿಯಲ್ಲಿಲ್ಲ. ನನ್ನ ಪತ್ನಿ ಕನ್ನಡ ಪುಸ್ತಕಗಳ ಪುಟವಿನ್ಯಾಸ ಮತ್ತು ಕರಡು ತಿದ್ದುವ ಕೆಲಸವನ್ನು ಮನೆಯಿಂದಲೇ ಮಾಡುವವಳು. ಅವಳ ದುಡಿಮೆ ಈ ಡೆಸ್ಕ್‌ಟಾಪನ್ನೇ ನಂಬಿಕೊಂಡಿರುವುದರಿಂದ ಅಲ್ಲಿಗೆ ತಲುಪಿದ ಮೇಲೆ ಅದು ಬಹಳ ದಿನ ನಿಲ್ಲುವಂತಿಲ್ಲ.

ಅಲ್ಲಿನ ವಿದ್ಯುತ್ತಿಗೆ ಇವು ಹೊಂದುತ್ತವೆಯೇ, ಸುಂಕದ ತೊಡಕು ಏನಾದರೂ ಇದೆಯೇ, ವಿಮಾನದಲ್ಲಿ ಒಯ್ಯುವುದಾದರೆ ಹೇಗೆ ಕಟ್ಟಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಿಕೊಟ್ಟರೆ ಬಹಳ ಉಪಕಾರವಾಗುತ್ತದೆ.

ಉತ್ತರ: ನೆಕರ್‌ದಂಡೆ

ವಿದ್ಯುತ್ತಿನ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. ಭಾರತದಲ್ಲಿಯೂ ಜರ್ಮನಿಯಲ್ಲಿಯೂ 230 ವೋಲ್ಟ್, 50 ಹರ್ಟ್ಸ್ ಇರುವುದರಿಂದ ಮೈಸೂರಿನಲ್ಲಿ ನಡೆಯುವ ಯಂತ್ರ ಸ್ಟುಟ್‌ಗಾರ್ಟಿನಲ್ಲಿಯೂ ನಡೆಯುತ್ತದೆ, ಟ್ರಾನ್ಸ್‌ಫಾರ್ಮರ್ ಬೇಕಾಗುವುದಿಲ್ಲ. ಬದಲಾಗುವುದು ಪ್ಲಗ್ಗು ಮಾತ್ರ. ಇಲ್ಲಿ ಜರ್ಮನಿಯಲ್ಲಿ ಬಳಸುವ ಶುಕೋ ಎಂಬ ಸಾಕೆಟ್ಟು ಗೋಡೆಯೊಳಗೆ ದುಂಡಗೆ ತಗ್ಗಾಗಿರುತ್ತದೆ ಮತ್ತು ಅದರ ಅರ್ಥಿಂಗ್ ಪಿನ್ನಿನ ರೂಪದಲ್ಲಿರದೆ ಅಂಚಿನ ಎರಡು ಲೋಹದ ಪಟ್ಟಿಗಳಲ್ಲಿ ಇರುತ್ತದೆ. ಎಲ್ಲ ದೇಶಗಳಿಗೂ ಹೊಂದುತ್ತದೆಂದು ಅಗ್ಗಕ್ಕೆ ಮಾರುವ ಅಡಾಪ್ಟರುಗಳಲ್ಲಿ ಹೆಚ್ಚಿನವು ಈ ಪಟ್ಟಿಗಳನ್ನು ಮುಟ್ಟುವುದೇ ಇಲ್ಲ. ಅಂಥದರ ಮೂಲಕ ಡೆಸ್ಕ್‌ಟಾಪ್ ಹಾಕಿದರೆ ಯಂತ್ರವೇನೋ ನಡೆಯುತ್ತದೆ, ಆದರೆ ಕ್ಯಾಬಿನೆಟ್ಟನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಅಲ್ಪ ವಿದ್ಯುತ್ತಿಗೆ ಭೂಮಿಗೆ ಇಳಿಯುವ ದಾರಿ ಇಲ್ಲದಿರುವುದೇ ಅದಕ್ಕೆ ಕಾರಣ. ಆದ್ದರಿಂದ ಅಡಾಪ್ಟರಿನ ಗೋಜಿಗೆ ಹೋಗದೆ, ಒಂದು ತುದಿಯಲ್ಲಿ ಶುಕೋ ಪ್ಲಗ್ಗು ಮತ್ತು ಇನ್ನೊಂದು ತುದಿಯಲ್ಲಿ ಎಸ್‌ಎಂಪಿಎಸ್‌ಗೆ ಹೊಂದುವ ಸಿ13 ಕನೆಕ್ಟರ್ ಇರುವ ಕೇಬಲ್ಲನ್ನು ಇಲ್ಲಿಗೆ ಬಂದ ಮೇಲೆ ಕೊಳ್ಳಿ. ಕೆಲವೇ ಯೂರೋಗಳಿಗೆ ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತದೆ.

ಯುಪಿಎಸ್ ಬಿಟ್ಟುಬನ್ನಿ. ಸೀಸದ ಬ್ಯಾಟರಿ ಭಾರವಾದದ್ದು, ಅದನ್ನು ಕಂಡೊಡನೆ ವಿಮಾನ ಸಂಸ್ಥೆಯವರು ತಡೆಯುತ್ತಾರೆ, ಮೇಲಾಗಿ ಇಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ: ಜರ್ಮನಿಯಲ್ಲಿ ಒಬ್ಬ ಗ್ರಾಹಕನಿಗೆ ವರ್ಷವಿಡೀ ಆಗುವ ಅನಿರೀಕ್ಷಿತ ವಿದ್ಯುತ್ ಕಡಿತ ಸರಾಸರಿ ಕಾಲು ಗಂಟೆಗೂ ಕಡಿಮೆ. ಪ್ರಿಂಟರನ್ನೂ ಬಿಡಿ. ಟೋನರ್ ಪುಡಿ ದಾರಿಯಲ್ಲಿ ಚೆಲ್ಲುವ ಭಯ ಒಂದು ಕಡೆಯಾದರೆ, ಕೆಲವು ತಯಾರಕರು ಕಾರ್ಟ್ರಿಜ್‌ಗಳನ್ನು ಪ್ರದೇಶವಾರು ಬೇರೆಬೇರೆಯಾಗಿ ಮಾಡಿರುವುದರಿಂದ ಇಲ್ಲಿ ಕೊಂಡದ್ದು ಅಲ್ಲಿನ ಯಂತ್ರಕ್ಕೆ ಒಗ್ಗದಿರುವುದು ಇನ್ನೊಂದು ಕಡೆ.

ನೀವು ಹೆಚ್ಚು ಗಮನ ಕೊಡಬೇಕಾದದ್ದು ಸುಂಕದ ವಿಷಯಕ್ಕೆ. ವಿಮಾನದಲ್ಲಿ ಬರುವ ಪ್ರಯಾಣಿಕರು ಐರೋಪ್ಯ ಒಕ್ಕೂಟದ ಹೊರಗಿನಿಂದ ತೆರಿಗೆಯಿಲ್ಲದೆ ತರಬಹುದಾದ ಸಾಮಾನಿನ ಸಾಮಾನ್ಯ ಮಿತಿ 430 ಯೂರೋ. ಅದನ್ನು ಮೀರಿದ ಗ್ರಾಫಿಕ್ಸ್ ಕಾರ್ಡು, ಮದರ್‌ಬೋರ್ಡುಗಳನ್ನು ಬಿಡಿಬಿಡಿಯಾಗಿ ಹಿಡಿದು ಬಂದವರನ್ನು ಅಧಿಕಾರಿ ಪ್ರಶ್ನಿಸಿದರೆ, ಕಂಪ್ಯೂಟರ್ ಭಾಗಗಳ ಮೇಲೆ ಆಮದು ಸುಂಕ ಸಾಮಾನ್ಯವಾಗಿ ಸೊನ್ನೆಯೇ ಆಗಿದ್ದರೂ 19 ಶೇಕಡಾ ಮೌಲ್ಯವರ್ಧಿತ ತೆರಿಗೆ ಬೀಳುತ್ತದೆ. ಆದರೆ ವಾಸಸ್ಥಳವನ್ನೇ ಬದಲಿಸಿ ಬರುವವರಿಗೆ ಒಕ್ಕೂಟದ 2009ರ 1186ನೆಯ ನಿಯಮಾವಳಿಯಲ್ಲಿ ಪೂರ್ಣ ವಿನಾಯಿತಿ ಇದೆ. ಇಲ್ಲಿನ ಕಸ್ಟಮ್ಸ್‌ನವರು ಅಂಥ ಸಾಮಾನನ್ನು ಯೂಬರ್‌ಸೀಡ್‌ಲುಂಗ್ಸ್‌ಗೂಟ್ ಎನ್ನುತ್ತಾರೆ, ಅದಕ್ಕೆ 0350 ಸಂಖ್ಯೆಯ ಅರ್ಜಿ ನಮೂನೆ ಇದೆ. ನೀವು ಬರುವುದಕ್ಕೆ ಮೊದಲು ಕನಿಷ್ಠ 12 ತಿಂಗಳು ಒಕ್ಕೂಟದ ಹೊರಗೆ ವಾಸವಾಗಿರಬೇಕು, ವಸ್ತುವನ್ನು ಕನಿಷ್ಠ 6 ತಿಂಗಳು ನೀವೇ ಬಳಸಿರಬೇಕು, ಇಲ್ಲಿ ನೆಲೆಸಿದ 12 ತಿಂಗಳೊಳಗೆ ತರಿಸಿಕೊಳ್ಳಬೇಕು, ಮತ್ತು ತಂದ ಮೇಲೆ 12 ತಿಂಗಳು ಅದನ್ನು ಮಾರುವುದಾಗಲಿ, ಬಾಡಿಗೆಗೆ ಕೊಡುವುದಾಗಲಿ, ಅಡವಿಡುವುದಾಗಲಿ ಮಾಡಬಾರದು.

ಈ 6 ತಿಂಗಳ ಷರತ್ತನ್ನು ಮರೆತು, ಹೊರಡುವ ಮುನ್ನ ಭಾರತದಲ್ಲಿಯೇ ಹೊಸ ಲ್ಯಾಪ್‌ಟಾಪ್ ಅಥವಾ ಹೊಸ ಕಾರ್ಡ್ ಕೊಂಡು ಬರುವವರು ಬಹಳ ಜನ ಇದ್ದಾರೆ. ಅದು ವಿನಾಯಿತಿಯೊಳಗೆ ಬರುವುದಿಲ್ಲ. ಭಾರತದಲ್ಲಿ 18 ಶೇಕಡಾ ಜಿಎಸ್‌ಟಿ, ಇಲ್ಲಿ 19 ಶೇಕಡಾ ತೆರಿಗೆ ಇರುವಾಗ ಹಾಗೆ ಕೊಳ್ಳುವುದರಲ್ಲಿ ಲಾಭವೂ ಕಾಣುವುದಿಲ್ಲ. ನಿಮ್ಮದು ಎರಡು ವರ್ಷದ ಯಂತ್ರ, ಹಾಗಾಗಿ ತೊಂದರೆಯಿಲ್ಲ. ಪ್ರತಿ ಭಾಗದ ಹೆಸರು, ಸರಣಿ ಸಂಖ್ಯೆ, ಕೊಂಡ ತಿಂಗಳು ಮತ್ತು ಈಗಿನ ಅಂದಾಜು ಬೆಲೆಯನ್ನು ಬರೆದ ಒಂದು ಪಟ್ಟಿಯನ್ನು ಎರಡು ಪ್ರತಿ ಮಾಡಿ, ಹಳೆಯ ಜಿಎಸ್‌ಟಿ ಬಿಲ್ಲುಗಳನ್ನು ಅದರ ಜೊತೆ ಇಡಿ. ಇಲ್ಲಿನ ವಾಸದ ವಿಳಾಸದ ನೋಂದಣಿ ಪತ್ರ ಇಳಿದ ದಿನವೇ ಇರುವುದಿಲ್ಲವಾದ್ದರಿಂದ ಉದ್ಯೋಗ ಒಪ್ಪಂದವೂ ವೀಸಾವೂ ಕೈಗೆ ಸಿಗುವಂತೆ ಇರಲಿ. ವಿಮಾನ ನಿಲ್ದಾಣದಲ್ಲಿ ಹಸಿರು ದಾರಿಯಲ್ಲಿ ಹೊರಟುಹೋಗದೆ ಕೆಂಪು ದಾರಿಯಲ್ಲಿ ಹೋಗಿ ನೀವೇ ತಿಳಿಸಿ. ತಾವಾಗಿಯೇ ಹೇಳಿದವರಿಗೂ ಸಿಕ್ಕಿಬಿದ್ದ ಮೇಲೆ ಹೇಳಿದವರಿಗೂ ಇಲ್ಲಿ ಬಹಳ ವ್ಯತ್ಯಾಸವಿದೆ.

ಉತ್ತರ: ಬೆಸುಗೆಕಡ್ಡಿ

ಬೆಂಗಳೂರಿನಲ್ಲಿ ಕಂಪ್ಯೂಟರ್ ಜೋಡಿಸುವುದು ಮತ್ತು ರಿಪೇರಿ ಮಾಡುವುದು ನನ್ನ ವೃತ್ತಿ. ಹೊರದೇಶಕ್ಕೆ ಹೊರಟವರ ಯಂತ್ರಗಳನ್ನು ಬಿಚ್ಚಿ ಕಟ್ಟಿಕೊಡುವ ಕೆಲಸ ಆಗಾಗ ಬರುತ್ತದೆ.

ಡೆಸ್ಕ್‌ಟಾಪನ್ನು ಇಡಿಯಾಗಿ ಲಗೇಜಿಗೆ ಹಾಕಬೇಡಿ. ಭಾರವಾದ ಗ್ರಾಫಿಕ್ಸ್ ಕಾರ್ಡು ಮತ್ತು ಗೋಪುರದಂಥ ಕೂಲರು ಪೆಟ್ಟಿಗೆ ಎತ್ತಿಹಾಕಿದ ಪ್ರತಿ ಸಲವೂ ಮದರ್‌ಬೋರ್ಡನ್ನು ಜಗ್ಗುತ್ತವೆ, ಸ್ಲಾಟೇ ಕಿತ್ತುಬರುವುದುಂಟು. ಕ್ಯಾಬಿನೆಟ್ ಬರೀ ತಗಡು ಮತ್ತು ಗಾಜು, ಎಲ್ಲಿ ಬೇಕಾದರೂ ಸಿಗುತ್ತದೆ. ಅದನ್ನು ಇಲ್ಲಿಯೇ ಮಾರಿ. ಒಯ್ಯಬೇಕಾದದ್ದು ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಮತ್ತು ಬೇಕಿದ್ದರೆ ಎಸ್‌ಎಂಪಿಎಸ್. ಎಸ್‌ಎಂಪಿಎಸ್‌ನ ಬದಿಯ ಚೀಟಿಯಲ್ಲಿ ಇನ್‌ಪುಟ್ ಎಂಬ ಸಾಲಿನೆದುರು 100-240 ವೋಲ್ಟ್ ಎಂದಿದ್ದರೆ ಅದನ್ನು ಯಾವ ದೇಶಕ್ಕಾದರೂ ಒಯ್ಯಬಹುದು. ನಿಮ್ಮ ಸರ್ವರಿನಲ್ಲಿರುವಂಥ ಹಳೆಯ ಎಸ್‌ಎಂಪಿಎಸ್‌ಗಳ ಹಿಂದೆ 115 ಮತ್ತು 230 ಎಂದು ಬರೆದ ಒಂದು ಕೆಂಪು ಸ್ವಿಚ್ಚು ಇರುವುದುಂಟು. ಅದು ಸಾಗಾಟದಲ್ಲಿ 115ಕ್ಕೆ ಸರಿದಿದ್ದು, ನೋಡದೆ 230 ವೋಲ್ಟ್ ಸಾಕೆಟ್ಟಿಗೆ ಹಾಕಿದರೆ ಸಿಡಿಯುತ್ತದೆ.

ಎಎಂ4 ಸಾಕೆಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅದರಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿಯೇ ಇರುತ್ತವೆ ಮತ್ತು ಪ್ರೊಸೆಸರನ್ನು ಮೇಲಿನಿಂದ ಒತ್ತಿಹಿಡಿಯುವ ಲೋಹದ ಚೌಕಟ್ಟು ಇರುವುದಿಲ್ಲ. ಎರಡು ವರ್ಷದಲ್ಲಿ ಥರ್ಮಲ್ ಪೇಸ್ಟ್ ಒಣಗಿ ಗೋಂದಿನಂತೆ ಹಿಡಿದುಕೊಂಡಿರುವುದರಿಂದ, ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ ಪ್ರೊಸೆಸರನ್ನು ಬಿಗಿಹಿಡಿಯುವ ಸನ್ನೆಯನ್ನು (ಲಿವರ್) ಹಾಕಿದ್ದಂತೆಯೇ ಪ್ರೊಸೆಸರೂ ಅದರ ಜೊತೆ ಕಿತ್ತುಬಂದು ಪಿನ್ನುಗಳು ಬಾಗುತ್ತವೆ. ಬಿಚ್ಚುವ ಮೊದಲು ಯಂತ್ರಕ್ಕೆ ಯಾವುದಾದರೂ ಭಾರದ ಕೆಲಸ ಕೊಟ್ಟು ಸ್ವಲ್ಪ ಹೊತ್ತು ನಡೆಸಿ ಬಿಸಿಯಾಗಲು ಬಿಡಿ, ಅನಂತರ ಆರಿಸಿ, ಪ್ಲಗ್ಗು ತೆಗೆದು, ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ನಯವಾಗಿ ತಿರುಗಿಸಿ. ಅದು ಬಿಟ್ಟುಕೊಂಡದ್ದು ಕೈಗೆ ತಿಳಿದ ಮೇಲೆ ಮಾತ್ರ ಎತ್ತಿ. ಪ್ರೊಸೆಸರನ್ನು ಸಾಕೆಟ್ಟಿನಲ್ಲಿಯೇ ಇರಿಸಿ ಸನ್ನೆ ಭದ್ರವಾಗಿದೆಯೇ ನೋಡಿಕೊಳ್ಳಿ. ರ‍್ಯಾಮ್ ಕೂಡ ಅಲ್ಲಿಯೇ ಇರಬಹುದು. ಬೋರ್ಡನ್ನು ಸ್ಥಿರವಿದ್ಯುತ್ ತಡೆಯುವ ಚೀಲಕ್ಕೆ ಹಾಕಿ ಅದರ ಮೂಲ ಪೆಟ್ಟಿಗೆಯಲ್ಲಿಡಿ. ಬರಿಯ ಬಬಲ್ ಹಾಳೆಯನ್ನು ಬೋರ್ಡಿಗೆ ನೇರವಾಗಿ ಸುತ್ತಬೇಡಿ.

ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಮತ್ತು ಡಿಸ್ಕುಗಳು ಕೈಚೀಲದಲ್ಲಿ ಹೋಗಲಿ. ನಮ್ಮಲ್ಲಿಂದ ಹೊರಡುವ ಹಲವು ವಿಮಾನಗಳಲ್ಲಿ ಅದರ ಮಿತಿ 7 ಕೆ.ಜಿ., ಆದರೆ ನೀವು ಮೂವರಿರುವುದರಿಂದ ಹಂಚಿಕೊಳ್ಳಬಹುದು. ಭದ್ರತಾ ತಪಾಸಣೆಯಲ್ಲಿ ಲ್ಯಾಪ್‌ಟಾಪಿನ ಜೊತೆ ಇವನ್ನೂ ತಟ್ಟೆಯಲ್ಲಿ ಬೇರೆಯಾಗಿ ಇಡಬೇಕಾಗುತ್ತದೆ, ಅದಕ್ಕೆ ಹೊಂದುವಂತೆ ಮೇಲ್ಭಾಗದಲ್ಲಿಯೇ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿ ಮಾತ್ರ ಒಯ್ಯಬೇಕು; 100 ವ್ಯಾಟ್-ಅವರ್‌ವರೆಗೆ ಅಡ್ಡಿಯಿಲ್ಲ, ಅದರ ಮೇಲೆ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಸ್ಕ್ರೂಡ್ರೈವರ್ ಮಾತ್ರ ದೊಡ್ಡ ಲಗೇಜಿಗೆ ಹೋಗಬೇಕು, ಕೈಚೀಲದಲ್ಲಿದ್ದರೆ ತೆಗೆದಿಡುತ್ತಾರೆ.

ವಿಂಡೋಸ್‌ನ ಡಿಜಿಟಲ್ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಬೋರ್ಡ್ ಒಯ್ದರೆ ಅದೂ ಉಳಿಯುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಹಾಕಿದ್ದರೆ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕಾಗದದ ಮೇಲೆ ಬರೆದುಕೊಂಡು ಪಾಸ್‌ಪೋರ್ಟಿನ ಜೊತೆ ಇಡಿ. ಬಿಚ್ಚಿ ಮತ್ತೆ ಜೋಡಿಸಿದ ಯಂತ್ರ ಮೊದಲ ಸಲ ಏಳುವಾಗ ಅದನ್ನು ಕೇಳುವ ಸಾಧ್ಯತೆ ಇದೆ, ಆಗ ಆ ಕೀಲಿ ಅದೇ ಡಿಸ್ಕಿನೊಳಗೆ ಇದ್ದರೆ ಪ್ರಯೋಜನವಿಲ್ಲ. ಜನವರಿಯ ಚಳಿಯಲ್ಲಿ ಹೊರಗಿನಿಂದ ಬೆಚ್ಚನೆಯ ಕೋಣೆಗೆ ತಂದ ಪೆಟ್ಟಿಗೆಯನ್ನು ಕೂಡಲೇ ತೆರೆಯದೆ ಕೆಲವು ಗಂಟೆ ಹಾಗೆಯೇ ಇರಲು ಬಿಡಿ; ತಣ್ಣನೆಯ ಲೋಹದ ಮೇಲೆ ನೀರು ಕೂರುತ್ತದೆ.

ಉತ್ತರ: ಕಡಲಾಚೆ

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಅಮೆರಿಕದಲ್ಲಿ 120 ವೋಲ್ಟ್ ಇರುವುದರಿಂದ ನಮ್ಮ ಲೆಕ್ಕ ಬೇರೆ. ಭಾರತದ ಲೇಸರ್ ಪ್ರಿಂಟರಾಗಲಿ ಯುಪಿಎಸ್ ಆಗಲಿ ಇಲ್ಲಿ ನಡೆಯುವುದೇ ಇಲ್ಲ. ಆದರೂ ಮೇಲಿನ ಇಬ್ಬರ ಮಾತಿಗೆ ಒಂದು ಆಕ್ಷೇಪವನ್ನು ದಾಖಲಿಸಲು ಬಯಸುತ್ತೇನೆ. ಬಿಡಿಭಾಗಗಳ ಖಾತರಿ ಸಾಮಾನ್ಯವಾಗಿ ಕೊಂಡ ದೇಶದ ವಿತರಕರ ಮೂಲಕವೇ ನಡೆಯುತ್ತದೆ. ಎರಡು ವರ್ಷ ಹಳೆಯದಾದ ಗ್ರಾಫಿಕ್ಸ್ ಕಾರ್ಡು ಸ್ಟುಟ್‌ಗಾರ್ಟಿನಲ್ಲಿ ಕೆಟ್ಟರೆ ಅದನ್ನು ಭಾರತಕ್ಕೆ ಕಳುಹಿಸಿ ತರಿಸುವ ಖರ್ಚು ಅದರ ಬೆಲೆಯನ್ನೇ ಮುಟ್ಟಬಹುದು. ಖಾತರಿ ಇನ್ನೂ ಉಳಿದಿರುವ ವಸ್ತುವಿಗೆ ಭಾರತದಲ್ಲಿ ಒಳ್ಳೆಯ ಬೆಲೆ ಬರುವುದರಿಂದ ಅಂಥವನ್ನು ಮಾರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಪತ್ನಿಯವರ ಪುಟವಿನ್ಯಾಸದ ಕೆಲಸಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡು ಬೇಕಾಗಿಯೂ ಇಲ್ಲ; ಒಂದು ಒಳ್ಳೆಯ ಲ್ಯಾಪ್‌ಟಾಪಿಗೆ ಮಾನಿಟರ್ ಜೋಡಿಸಿಕೊಂಡರೆ ಇಳಿದ ಮರುದಿನವೇ ಕೆಲಸ ಶುರುಮಾಡಬಹುದು.

ಯಂತ್ರದ ಬಗ್ಗೆ ಎಷ್ಟಾದರೂ ಚರ್ಚೆ ಮಾಡಬಹುದು, ಏಕೆಂದರೆ ಅದು ಹೋದರೆ ಇನ್ನೊಂದು ಬರುತ್ತದೆ. ನಿಮ್ಮ ತಂದೆಯವರ ತಾಳಮದ್ದಳೆ ಧ್ವನಿಮುದ್ರಣಗಳು ಹಾಗಲ್ಲ. ಅವುಗಳ ಮೂರು ಪ್ರತಿ ಮಾಡಿ: ಒಂದು ನಿಮ್ಮ ಕೈಚೀಲದಲ್ಲಿ, ಒಂದು ನಿಮ್ಮ ಪತ್ನಿಯವರ ಕೈಚೀಲದಲ್ಲಿ, ಮೂರನೆಯದು ಮೈಸೂರಿನಲ್ಲಿಯೇ ನಂಬಿಕೆಯ ಬಂಧುಗಳ ಮನೆಯಲ್ಲಿ. ಹಳೆಯ ಸರ್ವರಿನೊಳಗೆ ತಿರುಗುತ್ತಿರುವ ಡಿಸ್ಕನ್ನೇ ಕಿತ್ತು ಒಯ್ಯುವುದು ಪ್ರತಿ ಎನಿಸುವುದಿಲ್ಲ. ಅದು ಒಂದೇ ಡಿಸ್ಕು, ಅದೂ ಹಳೆಯದು. ಹೊಸ ಡಿಸ್ಕಿಗೆ ನಕಲು ಮಾಡಿದ ಮೇಲೆ ಪ್ರತಿ ಕಡತದ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ತಿಳಿಸುವ ಸಂಖ್ಯೆ) ಪಟ್ಟಿಯೊಂದನ್ನು ತೆಗೆದು ಡಿಸ್ಕಿನ ಜೊತೆಗೂ ಇಮೇಲಿನಲ್ಲಿಯೂ ಇರಿಸಿಕೊಂಡರೆ, ಅಲ್ಲಿ ತಲುಪಿದ ಮೇಲೆ ಎಲ್ಲವೂ ಸರಿಯಾಗಿದೆಯೇ ಎಂಬುದನ್ನು ಒಂದೊಂದನ್ನೇ ಕೇಳಿನೋಡದೆ ಖಚಿತಪಡಿಸಿಕೊಳ್ಳಬಹುದು. ಇದನ್ನು ಹೊರಡುವ ವಾರಕ್ಕೆ ಇಟ್ಟುಕೊಳ್ಳಬೇಡಿ, ಈ ತಿಂಗಳೇ ಮಾಡಿ.

ಮರುಪ್ರಶ್ನೆ: ಚಾಮುಂಡಿತಪ್ಪಲು

ಇಷ್ಟು ವಿವರವಾಗಿ ಬರೆದ ಮೂವರಿಗೂ ವಂದನೆಗಳು. ಧ್ವನಿಮುದ್ರಣಗಳ ಪ್ರತಿ ಮಾಡುವುದನ್ನು ನಿನ್ನೆಯೇ ಆರಂಭಿಸಿದ್ದೇವೆ. ಗ್ರಾಫಿಕ್ಸ್ ಕಾರ್ಡನ್ನು ಮಾರುವುದೆಂದೂ, ಮಗಳ ಓದಿಗೂ ಪತ್ನಿಯ ಕೆಲಸಕ್ಕೂ ಬೋರ್ಡು, ಪ್ರೊಸೆಸರ್ ಒಯ್ಯುವುದೆಂದೂ ಯೋಚಿಸಿದ್ದೇವೆ. ನಮ್ಮ ಪ್ರೊಸೆಸರಿನೊಳಗೇ ಸಾಧಾರಣ ಮಟ್ಟದ ಗ್ರಾಫಿಕ್ಸ್ ಇದೆ. ಇನ್ನು ಉಳಿದವು ಮೂರು ಸಂದೇಹಗಳು: ಸರ್ವರನ್ನು ಅಲ್ಲಿಯೂ ನಡೆಸಬಹುದೇ, ಮಾನಿಟರನ್ನು ಒಯ್ಯಬೇಕೇ, ಮತ್ತು ಮರಳಿ ಬರುವಾಗ ಇದೇ ವಸ್ತುಗಳಿಗೆ ಭಾರತದಲ್ಲಿ ಸುಂಕ ಕೇಳುತ್ತಾರೆಯೇ?

ಉತ್ತರ: ನೆಕರ್‌ದಂಡೆ

ಹಳೆಯ ಡೆಸ್ಕ್‌ಟಾಪ್ ಸರ್ವರನ್ನು ತರಬೇಡಿ. ಅದು ಸುಮ್ಮನೆ ಕುಳಿತಾಗಲೂ 80 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಳ್ಳೋಣ. ವರ್ಷವಿಡೀ ನಡೆದರೆ ಸುಮಾರು 700 ಯೂನಿಟ್ ಆಗುತ್ತದೆ. ಕರ್ನಾಟಕದಲ್ಲಿ ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ ಅದಕ್ಕೆ 4,200 ರೂಪಾಯಿ. ಇಲ್ಲಿ ಯೂನಿಟ್ಟಿಗೆ 35ರಿಂದ 40 ಸೆಂಟ್ ಹಿಡಿದರೂ 245ರಿಂದ 280 ಯೂರೋ. ಆ ಹಣಕ್ಕೆ 10 ವ್ಯಾಟ್‌ನಲ್ಲಿ ನಡೆಯುವ ಒಂದು ಬಳಸಿದ ಚಿಕ್ಕ ಕಂಪ್ಯೂಟರನ್ನೇ ಕೊಳ್ಳಬಹುದು, ಅದರ ವಾರ್ಷಿಕ ವಿದ್ಯುತ್ ಖರ್ಚು 35 ಯೂರೋ ದಾಟುವುದಿಲ್ಲ. ಡಿಸ್ಕುಗಳನ್ನು ಮಾತ್ರ ತನ್ನಿ. ಹಳೆಯ ಯಂತ್ರವನ್ನು ಗುಜರಿಯವರಿಗೆ ಕೊಡದೆ ಅಧಿಕೃತ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ತಲುಪಿಸಿದರೆ ಒಳ್ಳೆಯದು.

ಮಾನಿಟರ್ ವಿಷಯದಲ್ಲಿ ಬಿಡಿ ಎನ್ನುತ್ತೇನೆ. ಒಡೆಯುವ ವಸ್ತು ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಯಾರೂ ಅದನ್ನು ಮೆಲ್ಲಗೆ ಇಳಿಸುವುದಿಲ್ಲ. ಕಚೇರಿಗಳು ಬದಲಿಸಿದ ಒಳ್ಳೆಯ ಮಾನಿಟರುಗಳು ಇಲ್ಲಿ ಖಾತರಿಯ ಸಮೇತ ಕಡಿಮೆ ಬೆಲೆಗೆ ಸಿಗುತ್ತವೆ. ರೌಟರನ್ನೂ ಹೊರಬೇಡಿ. 2016ರ ಆಗಸ್ಟ್‌ನಿಂದ ಇಲ್ಲಿ ಗ್ರಾಹಕರು ತಮ್ಮದೇ ರೌಟರ್ ಬಳಸುವ ಹಕ್ಕು ಪಡೆದಿದ್ದಾರೆ ನಿಜ, ಆದರೆ ಸಂಪರ್ಕ ಬರುವುದು ಟೆಲಿಫೋನ್ ತಂತಿಯ ವಿಡಿಎಸ್‌ಎಲ್ ಮೂಲಕವೋ ಟಿವಿ ಕೇಬಲ್ಲಿನ ಮೂಲಕವೋ ಫೈಬರಿನ ಮೂಲಕವೋ ಎಂಬುದು ಮನೆ ಸಿಕ್ಕ ಮೇಲೆಯೇ ತಿಳಿಯುವುದು, ರೌಟರ್ ಅದಕ್ಕೆ ಹೊಂದಬೇಕು.

ಮರಳುವಾಗಿನ ಸುಂಕದ ಬಗ್ಗೆ ಈಗಲೇ ಯೋಚಿಸುತ್ತಿರುವುದು ಒಳ್ಳೆಯದಾಯಿತು. ಭಾರತದಿಂದ ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಯಿಂದ ಬೆಲೆಬಾಳುವ ವಸ್ತುಗಳಿಗೆ ರಫ್ತು ಪ್ರಮಾಣಪತ್ರ ಪಡೆಯಬಹುದು. ಇವು ಭಾರತದಿಂದಲೇ ಹೋದವು ಎಂಬುದಕ್ಕೆ ಅದು ದಾಖಲೆ. ವಸ್ತುವನ್ನೂ ಸರಣಿ ಸಂಖ್ಯೆಯನ್ನೂ ತೋರಿಸಬೇಕಾಗುವುದರಿಂದ ದೊಡ್ಡ ಲಗೇಜನ್ನು ಒಪ್ಪಿಸುವ ಮೊದಲೇ ಈ ಕೆಲಸ ಮುಗಿಯಬೇಕು. ಅದಕ್ಕಾಗಿ ನಿಲ್ದಾಣಕ್ಕೆ ಬೇಗ ತಲುಪಿ. ಜರ್ಮನ್ ಕಸ್ಟಮ್ಸ್‌ಗೆ ಮಾಡಿದ ಪಟ್ಟಿಯೇ ಇದಕ್ಕೂ ಉಪಯೋಗಕ್ಕೆ ಬರುತ್ತದೆ.

ಉತ್ತರ: ಕರಡುಪ್ರತಿ

ನಾನೂ ಲೈಪ್‌ಜಿಗ್‌ನಲ್ಲಿದ್ದುಕೊಂಡು ಕನ್ನಡ ಪುಸ್ತಕಗಳ ಕರಡು ತಿದ್ದುವವಳಾದ್ದರಿಂದ ಯಾರೂ ಪ್ರಸ್ತಾಪಿಸದ ಕೀಬೋರ್ಡಿನ ಬಗ್ಗೆ ಹೇಳಬೇಕೆನಿಸಿತು. ಅದನ್ನು ತಪ್ಪದೆ ತನ್ನಿ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಕೀಬೋರ್ಡುಗಳಲ್ಲಿ ವೈ ಮತ್ತು ಝಡ್ ಅದಲುಬದಲಾಗಿರುತ್ತವೆ, ಎಡಗಡೆಯ ಶಿಫ್ಟ್ ಚಿಕ್ಕದಾಗಿ ಅದರ ಪಕ್ಕದಲ್ಲಿ ಒಂದು ಹೆಚ್ಚಿನ ಕೀಲಿ ಬಂದಿರುತ್ತದೆ, ಎಂಟರ್ ಕೀಲಿಯ ಆಕಾರವೂ ಬೇರೆ. ಕನ್ನಡ ಕೀಲಿವಿನ್ಯಾಸ ತಂತ್ರಾಂಶದಲ್ಲಿರುವುದರಿಂದ ಅಕ್ಷರಗಳೇನೋ ಮೂಡುತ್ತವೆ. ಆದರೆ ಮಹಾಪ್ರಾಣಕ್ಕೂ ದೀರ್ಘಕ್ಕೂ ಮತ್ತೆ ಮತ್ತೆ ಶಿಫ್ಟ್ ಒತ್ತುವ ನಮ್ಮಂಥವರಿಗೆ ಆ ಒಂದು ಕೀಲಿ ಸರಿದದ್ದೇ ಇಡೀ ದಿನದ ವೇಗವನ್ನು ತಗ್ಗಿಸುತ್ತದೆ. ನಿಮ್ಮ ಪತ್ನಿಯವರು ನುಡಿ ಎಂಬ ಕನ್ನಡ ಬರೆಯುವ ತಂತ್ರಾಂಶದ ಕೆ.ಪಿ. ರಾವ್ ಕೀಲಿವಿನ್ಯಾಸವನ್ನು ಬಳಸುವವರಾದರೆ, ಹಳೆಯ ನುಡಿ ಅಕ್ಷರಶೈಲಿಯಲ್ಲಿ ಉಳಿದಿರುವ ಕಡತಗಳಿಗಾಗಿ ಆ ತಂತ್ರಾಂಶದ ಸ್ಥಾಪಕ ಕಡತವನ್ನೂ ಬಳಕೆಯಲ್ಲಿರುವ ಎಲ್ಲ ಅಕ್ಷರಶೈಲಿಗಳನ್ನೂ ಡಿಸ್ಕುಗಳ ಜೊತೆ ನಕಲು ಮಾಡಿಕೊಳ್ಳಲಿ. ಪ್ರಕಾಶಕರು ಮೂರು ವರ್ಷದ ಹಿಂದಿನ ಪುಸ್ತಕದ ಮರುಮುದ್ರಣ ಕೇಳಿದಾಗ ಪುಟಗಳು ತೆರೆಯುವುದು ಅವು ಇದ್ದರೆ ಮಾತ್ರ.